ಸವಣೂರಿನ ಸಾಲಿನಲ್ಲಿ ಒಬ್ಬರು

ಶಿಗ್ಗಾಂವಿ
14 ಡಿಸೆಂಬರ್ 2024

ಗೆಳೆಯ ಶಂಭುಲಿಂಗ,

ಬಸ್ಸಿನ ಹೊತ್ತು, ಬಿ.ಪಿ. ಗುಳಿಗೆ, ಮಕ್ಕಳ ಸುದ್ದಿ ಫೋನಿನಲ್ಲಿ. ಅರ್ಥಶಾಸ್ತ್ರದ ಜಗಳ ಮಾತ್ರ ಅಂಚೆಯಲ್ಲಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ಗಂಟುಮೂಟೆ ಕಟ್ಟಿದ ದಿನ ನಾವಿಬ್ಬರು ಮಾಡಿಕೊಂಡ ಕರಾರು ಇದು. ಬಾಯಿಂದ ಜಗಳವಾಡಿದರೆ ಮಾತು ಕೆಡುತ್ತದೆ, ಕಾಗದದಲ್ಲಾದರೆ ತಲುಪುವಷ್ಟರಲ್ಲಿ ಸಿಟ್ಟು ಆರುತ್ತದೆ ಎಂದವನು ನೀನೇ. ಆದರೆ ನಿಜ ಹೇಳು, ಮೂವತ್ತು ವರ್ಷದಲ್ಲಿ ನಾವು ಜಗಳವಾಡಿದ್ದು ಯಾವಾಗ? ನಾನು ಬರೆದದ್ದಕ್ಕೆಲ್ಲ ನೀನು ಹೌದು ಅಂದೆ, ನೀನು ಬರೆದದ್ದಕ್ಕೆಲ್ಲ ನಾನು ಹೌದು ಅಂದೆ. ಅಂಚೆಯ ಖರ್ಚು ದಂಡ.

ಇರಲಿ. ಸುದ್ದಿ ಏನೆಂದರೆ, ನನ್ನ ಸಮೀಕ್ಷೆ ಮುಗಿಯಿತು. ಕಾಲೇಜು ಮಾಸ್ತರರೆಲ್ಲ ರಾಜಕೀಯವಾಗಿ ಒಂದೇ ಕಡೆ ವಾಲಿದ್ದಾರೆ, ಅದರಲ್ಲೂ ಅರ್ಥಶಾಸ್ತ್ರದವರು ಪೂರ್ತಿ ಎಡಕ್ಕೆ ಮಲಗಿದ್ದಾರೆ ಎಂದು ಯಾರೋ ಪುಣ್ಯಾತ್ಮ ಪತ್ರಿಕೆಯಲ್ಲಿ ಬರೆದಿದ್ದನಲ್ಲ, ಅದು ಸುಳ್ಳೆಂದು ತೋರಿಸಬೇಕೆಂದೇ ನಮ್ಮ ಅರ್ಥಶಾಸ್ತ್ರ ಬಳಗದ ಇಪ್ಪತ್ತೇಳು ಅಧ್ಯಾಪಕರಿಗೆ ಹತ್ತು ಪ್ರಶ್ನೆಯ ಹಾಳೆ ಹಂಚಿದ್ದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನವರು ತುಂಬಿ ಕೊಟ್ಟರು. ಪ್ರತಿ ಪ್ರಶ್ನೆಗೆ ಎರಡೇ ಚೌಕ. ಬೆಲೆ, ಖರೀದಿ, ಗೊಬ್ಬರ ಎಲ್ಲ ಸರ್ಕಾರದ ಕೈಯಲ್ಲಿರಲಿ ಅನ್ನುವವರು ಎಡ ಚೌಕಕ್ಕೆ, ಮಾರುಕಟ್ಟೆಗೆ ಬಿಡಿ ಅನ್ನುವವರು ಬಲ ಚೌಕಕ್ಕೆ ಗುರುತು ಹಾಕಬೇಕು. ಹೆಸರು ಬರೆಯುವಂತಿಲ್ಲ, ತಾಲೂಕು ಮಾತ್ರ. ನೀನು ಕಳೆದ ವರ್ಷ ತಂದುಕೊಟ್ಟು ನಾವು ತಿಂದು ಮುಗಿಸಿದ ಸವಣೂರು ಖಾರದ ಡಬ್ಬಿಯ ಮುಚ್ಚಳಕ್ಕೆ ಸೀಳು ಹಾಕಿ ಹಾಳೆಗಳನ್ನು ಅದರೊಳಗೆ ಹಾಕಿಸಿದೆ. ನಾನು ಒಂದನ್ನೂ ತೆರೆದು ನೋಡುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ನನ್ನ ಮಗಳು ಪೂಜಾ ಕಂಪ್ಯೂಟರಿಗೆ ಹಾಕಿ ಕೋಷ್ಟಕ ಮಾಡಿಕೊಟ್ಟಳು.

ನಗಬೇಡ. ಎಡಕ್ಕೆ ಇಪ್ಪತ್ತಾರು, ಬಲಕ್ಕೆ ಒಬ್ಬರು! ಸುಳ್ಳೆಂದು ತೋರಿಸಲು ಹೊರಟ ಮಾತನ್ನು ನಾನೇ ಸಾಬೀತು ಮಾಡಿ ಕುಳಿತಿದ್ದೇನೆ. ಆದರೂ ಆ ಒಬ್ಬರು ಇದ್ದಾರಲ್ಲ, ಅವರಿಂದ ನನ್ನ ಪ್ರಬಂಧದ ಮಾನ ಉಳಿಯಿತು. 22ರ ಭಾನುವಾರ ಹಿರೇಕೆರೂರಿನ ಸಭೆಯಲ್ಲಿ ಓದುತ್ತೇನೆ. ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸು, ಎಂದಿನಂತೆ.

ನಿನ್ನ
ಫಕ್ಕೀರಪ್ಪ


ಸವಣೂರು
25 ಡಿಸೆಂಬರ್ 2024

ಫಕ್ಕೀರಾ,

ಪ್ರಬಂಧ ಚೆನ್ನಾಗಿತ್ತು. ಚಹಾದ ಜೊತೆ ಕೊಟ್ಟ ಗಿರ್ಮಿಟ್ಟು ಇನ್ನೂ ಚೆನ್ನಾಗಿತ್ತು. ಆದರೆ ನಿನ್ನ ಎರಡನೆಯ ಕೋಷ್ಟಕವಿತ್ತಲ್ಲ, ಅದನ್ನು ಗೋಡೆಯ ಮೇಲೆ ತೋರಿಸುವ ಮೊದಲು ಒಮ್ಮೆಯಾದರೂ ನೋಡಿದ್ದೆಯಾ?

ಹಾನಗಲ್ಲಿನ ಎಂಟೂ ಮಂದಿ ಎಡಕ್ಕೆ. ಶಿಗ್ಗಾಂವಿಯ ಏಳೂ ಮಂದಿ ಎಡಕ್ಕೆ. ಹಿರೇಕೆರೂರಿನ ಹತ್ತೂ ಮಂದಿ ಎಡಕ್ಕೆ. ಸವಣೂರು: ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. ಅಯ್ಯಾ ಮಹಾನುಭಾವ, ಸವಣೂರಿನಲ್ಲಿ ಅರ್ಥಶಾಸ್ತ್ರ ಕಲಿಸುವವರು ಒಟ್ಟು ಇಬ್ಬರು. ನಾನು, ಮತ್ತು ನಮ್ಮ ಅತಿಥಿ ಉಪನ್ಯಾಸಕಿ ರಂಜನಾ. ಹೆಸರು ಬರೆಸಲಿಲ್ಲ, ಡಬ್ಬಿಗೆ ಸೀಳು ಹಾಕಿಸಿದೆ, ದೇವರ ಮೇಲೆ ಆಣೆ ಮಾಡಿದೆ. ಕಡೆಗೆ ತಾಲೂಕುವಾರು ಪಟ್ಟಿ ಮಾಡಿ ಗೋಡೆಗೆ ಹಾಕಿದೆ! ಅಂಕಿಸಂಖ್ಯಾಶಾಸ್ತ್ರದಲ್ಲಿ ನಿನಗೆ ಮೊದಲ ದರ್ಜೆ ಕೊಟ್ಟವರನ್ನು ಹುಡುಕಿ ಕೇಳಬೇಕು.

ನೀನು ಆಗ ಪ್ರೊಜೆಕ್ಟರಿನ ತಂತಿ ಸುತ್ತುತ್ತಿದ್ದೆ, ನೋಡಲಿಲ್ಲ. ಚಹಾದ ಹೊತ್ತಿಗೆ ನಮ್ಮ ಬಳಗದ ಅಧ್ಯಕ್ಷ ಮಾಲತೇಶ ಸರ್ ಮಿರ್ಚಿ ಭಜಿ ಹಿಡಿದುಕೊಂಡೇ ನನ್ನ ಮತ್ತು ರಂಜನಾಳ ಎದುರು ಬಂದು ನಿಂತರು. ಹಿಂದೆ ಹತ್ತು ಮಂದಿ.

"ಇಬ್ಬರೊಳಗ ಯಾರ್ರೀ ಆ ಒಬ್ರು? ಹೇಳ್ರಿ, ನಾವೇನ್ ನುಂಗಂಗಿಲ್ಲ" ಅಂದರು.

ರಂಜನಾ ಕಪ್ಪನ್ನು ಬಸಿಯ ಮೇಲಿಟ್ಟಳು. ನಾನು ಹೇಳಿದೆ: "ನಾನ ರೀ ಸರ. ಮಾಡೋದೇನೈತಿ, ಮೆಕ್ಕೆಜೋಳದ ವ್ಯಾಪಾರಸ್ಥರ ಮನಿ ರಕ್ತ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಚಹಾ ಮುಗಿಸಿಕೊಂಡು ಬೇರೆ ಗುಂಪಿಗೆ ಸರಿದರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಮೊದಲ ಸಲ ನನಗೆ ಒಬ್ಬನಿಗೇ ಒಂದು ಬೆಂಚು ಸಿಕ್ಕಿತು. ಹಾಯಾಗಿತ್ತು.

ಹಾಗಾಗಿ ವಿಷಯ ಇದು. ನಿನಗೆ ಬೇರೆಯವರಿಂದ ಗೊತ್ತಾಗುವುದು ಬೇಡ ಎಂದು ಬರೆದೆ.

ನಿನ್ನ
ಶಂಭುಲಿಂಗ


ಶಿಗ್ಗಾಂವಿ
3 ಜನವರಿ 2025

ಶಂಭುಲಿಂಗ ಅವರಿಗೆ,

ಕೋಷ್ಟಕದ ತಪ್ಪು ನನ್ನದು, ಒಪ್ಪಿದೆ. ಆದರೆ ನಿನ್ನ ತಪ್ಪಿನ ಮುಂದೆ ಅದು ಯಾವ ಲೆಕ್ಕ?

ನೀನು ಬಲಕ್ಕಿದ್ದರೆ ಇರು, ಎಡಕ್ಕಿದ್ದರೆ ಇರು, ನನಗೆ ಸಿಟ್ಟು ಅದರದಲ್ಲ. ಮೂವತ್ತು ವರ್ಷ ನನ್ನ ಪ್ರತಿ ಪತ್ರಕ್ಕೂ "ನೂರಕ್ಕೆ ನೂರು ನಿಜ" ಎಂದು ಬರೆದೆಯಲ್ಲ, ಅವೆಲ್ಲ ಏನು? ಬೆಂಬಲ ಬೆಲೆಯ ಮೇಲೆ ನಾನು ಬರೆದ ಹನ್ನೊಂದು ಪುಟ ಓದಿ ಕಣ್ಣು ತುಂಬಿತು ಅಂದಿದ್ದೆ. ಯಾಕೆ ತುಂಬಿತ್ತು, ಆಕಳಿಸಿ? ನನ್ನ ಹೆಂಡತಿ ಹೊಳೆವ್ವ, "ಶಂಭಣ್ಣಗ ಹೇಳಾಕ ಧೈರ್ಯ ಆಗಿರಾಕಿಲ್ಲ, ನೀವೇನ್ ಎದುರು ಮಾತು ಕೇಳೋ ಪೈಕಿ ಏನ್ರಿ?" ಅಂದಳು. ಅದಕ್ಕೂ ನನಗೆ ಸಿಟ್ಟು ಬಂತು.

ನನಗೆ ಹೇಳದ್ದನ್ನು ಒಂದು ಖಾರದ ಡಬ್ಬಿಗೆ ಹೇಳಿದೆ. ಅದರಿಂದ ನನಗೆ ಬಹಳ ನೋವಾಗಿದೆ, ಮುಚ್ಚಿಡುವುದಿಲ್ಲ. ಕೆಲವು ದಿನ ಪತ್ರ ಬೇಡ.

ಫಕ್ಕೀರಪ್ಪ


ಸವಣೂರು
20 ಫೆಬ್ರವರಿ 2025

ಫಕ್ಕೀರಾ,

ಬೇಡ ಅಂದೆ, ಏಳು ವಾರ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ. ನಗುವ ಸುದ್ದಿಯನ್ನು ಹೇಳಲು ನನಗೆ ಇರುವವನು ನೀನೊಬ್ಬನೇ. ಸಿಟ್ಟಿನಲ್ಲೇ ಓದು.

ಏಪ್ರಿಲ್ 20ರ ಭಾನುವಾರ ಹಾನಗಲ್ಲಿನಲ್ಲಿ ಬಳಗದ ವಿಚಾರ ಸಂಕಿರಣ ಇದೆಯಲ್ಲ, ಮಾಲತೇಶ ಸರ್ ಫೋನು ಮಾಡಿದ್ದರು. "ನಮ್ಮ ಮ್ಯಾಲೆ ಒಂದೇ ಕಡಿ ಅನ್ನೋ ಮಾತು ಬಂದೈತಿ. ಆ ಕಡಿಯವರು ಅಂದ್ರ ನೀವೊಬ್ರ. ಬೆಂಬಲ ಬೆಲಿ ಬ್ಯಾಡ ಅಂತ ಅರ್ಧ ತಾಸು ಮಾತಾಡ್ರಿ, ನಾವು ಇಪ್ಪತ್ತಾರು ಮಂದಿ ಉತ್ತರ ಕೊಡ್ತೇವಿ" ಎಂದರು. ಕ್ರಿಕೆಟ್ಟಿನಲ್ಲೂ ಹನ್ನೊಂದೇ ಮಂದಿ ಇರುತ್ತಾರೆ.

ಒಪ್ಪಿಕೊಂಡೆ. ಆಮೇಲೆ ತಿಳಿಯಿತು, ಆ ಕಡೆಯ ಮಾತು ಏನೆಂದೇ ನನಗೆ ಸರಿಯಾಗಿ ಬರುವುದಿಲ್ಲ. ಪಾಠದಲ್ಲಿ ಆ ಭಾಗವನ್ನು ನಾನು ಪ್ರತಿ ವರ್ಷ ಕಡೆಯ ಹತ್ತು ನಿಮಿಷದಲ್ಲಿ ಮುಗಿಸಿ, "ಇದು ತಪ್ಪು ಎಂದು ಮುಂದೆ ನೋಡಲಿದ್ದೇವೆ" ಎಂದು ಬೆಲ್ಲು ಹೊಡೆಸುತ್ತಿದ್ದೆ. ಈಗ ದಿನಾ ಸಂಜೆ ಮಠದ ದೊಡ್ಡಹುಣಸೆ ಮರದ ಕೆಳಗೆ ಕೂತು ರಂಜನಾಳಿಗೆ ಪಾಠ ಒಪ್ಪಿಸುತ್ತೇನೆ. ಆ ಹುಡುಗಿ ಬಹಳ ಕಟ್ಟುನಿಟ್ಟು. "ಸರ, ಇದು ಅವರ ಮಾತಲ್ಲ್ರಿ. ಅವರು ಹಿಂಗ ಅಂತಾರ ಅಂತ ನೀವು ಅನ್ಕೊಂಡಿದ್ದು. ಮತ್ತೊಮ್ಮೆ ಹೇಳ್ರಿ" ಅನ್ನುತ್ತಾಳೆ. ನಿನ್ನೆ ಮೂರು ಸಲ ಹೇಳಿಸಿದಳು.

ಗುಟ್ಟು ಹೇಳಲೇ? ಅವಳ ಹತ್ತು ಮಾತುಗಳಲ್ಲಿ ಎಂಟಕ್ಕೆ ನನ್ನ ಹತ್ತಿರ ಉತ್ತರವಿದೆ. ಎರಡಕ್ಕೆ ಇಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ, ಅಲ್ಲೂ ಇಲ್ಲ. ಇಂಥ ಹೊತ್ತಿನಲ್ಲಿ ನಿನಗೆ ಬರೆಯುತ್ತಿದ್ದೆ.

ನಿನ್ನ, ನೀನು ಬೇಡ ಅಂದರೂ ನಿನ್ನ
ಶಂಭುಲಿಂಗ


ಶಿಗ್ಗಾಂವಿ
9 ಮಾರ್ಚ್ 2025

ಶಂಭು,

ಮಾತು ಮುರಿದೆ. ಡಬ್ಬಿ ತೆರೆದೆ.

ಆ ಕಡೆಯ ಮಾತೇ ಬರುವುದಿಲ್ಲ ಅನ್ನುವವನು ಬಲ ಚೌಕಕ್ಕೆ ಹೇಗೆ ಗುರುತು ಹಾಕಿದ ಎಂದು ನಿನ್ನ ಹಾಳೆ ಹುಡುಕಿ ಹತ್ತೂ ಉತ್ತರಗಳನ್ನು ನಿನ್ನ ಮುಖಕ್ಕೆ ಹಿಡಿಯಬೇಕೆಂದು ತೆರೆದದ್ದು. ಸವಣೂರಿನ ಹಾಳೆಗಳು ಎರಡು. ಒಂದರಲ್ಲಿ ನಿನ್ನ ಕೈಬರಹ, ಮೂವತ್ತು ವರ್ಷ ಓದಿದವನಿಗೆ ಗುರುತು ಸಿಗದೇ? ಹತ್ತಕ್ಕೆ ಹತ್ತೂ ಎಡ. ಕೆಳಗೆ ಅಭಿಪ್ರಾಯ ಬರೆಯುವಲ್ಲಿ "ಪ್ರಶ್ನೆಗಳು ಉದ್ದ, ಡಬ್ಬಿಯಲ್ಲಿ ಖಾರ ಮುಗಿದಿದೆ" ಎಂದಿದೆ.

ಇನ್ನೊಂದು ದುಂಡಗಿನ ಅಕ್ಷರ. ಆರು ಬಲ, ನಾಲ್ಕು ಎಡ. ಕೆಳಗೆ ಒಂದೇ ಸಾಲು: "ಗೊತ್ತಿಲ್ಲ ಎನ್ನುವ ಚೌಕ ಯಾಕಿಲ್ಲ?"

ಆ ಒಬ್ಬರು ನೀನಲ್ಲ. ಯಾಕೆ ಹೀಗೆ ಮಾಡಿದೆ? ನನಗಾದರೂ ಹೇಳಬಾರದಿತ್ತೇ? ಇವತ್ತೇ ಮಾಲತೇಶ ಸರ್‌ಗೆ ಫೋನು ಮಾಡಿ ನಿನ್ನ ಹೆಸರು ತೊಳೆಯಲೇ?

ಫಕ್ಕೀರಪ್ಪ


ಸವಣೂರು
13 ಮಾರ್ಚ್ 2025

ಫಕ್ಕೀರಾ,

ಮಾಡಬೇಡ! ಫೋನು ಕೆಳಗಿಡು. ನೀನು ಹೀಗೆ ಕೇಳುತ್ತೀ ಎಂದೇ ನಿನಗೆ ಹೇಳಿರಲಿಲ್ಲ. ನಿನ್ನ ಹೊಟ್ಟೆಯಲ್ಲಿ ಗುಟ್ಟು ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ.

ನನ್ನ ಹೆಸರಿಗೆ ಏನಾಗಿದೆ? ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ. ನನ್ನನ್ನು ಬಲಕ್ಕೆ ಹಾಕಿದರೂ ಪಗಾರ ಬರುತ್ತದೆ. ಆ ಹುಡುಗಿಯದು ಹಾಗಲ್ಲ. ಪ್ರತಿ ಜೂನಿನಲ್ಲಿ ಸಮಿತಿಯ ಮುಂದೆ ಹೊಸದಾಗಿ ಸಂದರ್ಶನಕ್ಕೆ ಕೂರಬೇಕು, ಆ ಸಮಿತಿಯ ಮೂವರಲ್ಲಿ ಮಾಲತೇಶ ಸರ್ ಒಬ್ಬರು, ಉಳಿದಿಬ್ಬರೂ ನಮ್ಮ ಬಳಗದವರೇ. ಅವರು ಕೆಟ್ಟವರಲ್ಲ. ಆದರೆ ಇಬ್ಬರು ಸಮನಾದ ಅಭ್ಯರ್ಥಿಗಳು ಬಂದರೆ ನಮ್ಮ ಮಾತಿನವರು ಸ್ವಲ್ಪ ಹೆಚ್ಚು ಜಾಣರು ಎಂದು ನಮಗೆಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿದೆ. ನಾನೂ ಅಂಥ ಸಮಿತಿಯಲ್ಲಿ ಎರಡು ಸಲ ಕೂತಿದ್ದೇನೆ, ಫಕ್ಕೀರಾ. ಇಪ್ಪತ್ತಾರು ಮಂದಿ ಸುಮ್ಮನೆ ಆದದ್ದಲ್ಲ, ಹಾಗೆ ಒಬ್ಬೊಬ್ಬರನ್ನೇ ಆರಿಸಿ ಆದದ್ದು. ಇದು ನನಗೆ ಈಗ ಹೊಳೆದು ನಾಚಿಕೆಯಾಗಿದೆ.

ನನ್ನ ಮೇಲೆ ಅವಳಿಗೂ ಸಿಟ್ಟಿದೆ. "ನನ್ನ ಹಾಳಿ ನೀವ್ಯಾಕ ನಿಮ್ಮದು ಅಂದ್ರಿ?" ಎಂದು ಅವತ್ತೇ ಬಸ್ಸಿನಲ್ಲಿ ಕೇಳಿದಳು. ಜೂನ್ ಕಳೆಯಲಿ ತಂಗಿ, ಆಮೇಲೆ ನಿನ್ನದು ನೀನು ತಗೋ ಅಂದೆ. ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಳು.

ಡಬ್ಬಿಯ ಮುಚ್ಚಳ ಹಾಕು. ಏಪ್ರಿಲ್‌ನಲ್ಲಿ ನಾನು ಆ ಕಡೆಯವನಾಗಿಯೇ ಮಾತಾಡುತ್ತೇನೆ. ನೀನು ಮಾತ್ರ ನನ್ನ ಮೇಲೆ ಸಿಟ್ಟಿರುವವನಂತೆ ಕೂತಿರು. ನಿನಗದು ಚೆನ್ನಾಗಿ ಬರುತ್ತದೆ.

ನಿನ್ನ
ಶಂಭುಲಿಂಗ


ಸವಣೂರು
22 ಏಪ್ರಿಲ್ 2025

ಫಕ್ಕೀರಾ,

ಕಣ್ಣಿನ ಪೊರೆ ತೆಗೆಸಲು ನಿನಗೆ ಸಂಕಿರಣದ ವಾರವೇ ಬೇಕಿತ್ತೇ? ಹೊಳೆವ್ವ ತಂಗಿ ಈ ಪತ್ರವನ್ನು ನಿನಗೆ ಓದಿ ಹೇಳುತ್ತಾಳೆಂದು ನಂಬಿದ್ದೇನೆ. ತಂಗೀ, ನೀನು ಜನವರಿಯಲ್ಲಿ ಹೇಳಿದ್ದೇ ಸರಿ, ಇವನು ಎದುರು ಮಾತು ಕೇಳುವ ಪೈಕಿ ಅಲ್ಲ.

ಹಾನಗಲ್ಲಿನ ಸಭಾಭವನ ತುಂಬಿತ್ತು. ನಾನು ಎದ್ದು ಮೊದಲ ಮಾತು ಹೇಳಿದೆ, ಗುಸುಗುಸು. ಎರಡನೆಯದು ಹೇಳಿದೆ, ಗುಸುಗುಸು ಜೋರಾಯಿತು. ಮೂರನೆಯದು ಬಾಯಿಗೆ ಬರಲಿಲ್ಲ. ನಾಟಕವಲ್ಲ ಮಾರಾಯಾ, ನಿನ್ನಾಣೆ ಮರೆತುಹೋಯಿತು. ಕಂಠಪಾಠ ಮಾಡಿದ್ದು, ನನ್ನದಲ್ಲವಲ್ಲ. ನೀರು ಕುಡಿದೆ. ಕನ್ನಡಕ ಒರೆಸಿದೆ. ಮತ್ತೆ ನೀರು ಕುಡಿದೆ.

ಹಿಂದಿನ ಸಾಲಿನಿಂದ ರಂಜನಾ ಎದ್ದು ನಿಂತಳು.

"ಸರ, ಮೂರನೇದು ನಾ ಹೇಳ್ತೇನಿ. ಯಾಕಂದ್ರ ಅದು ನಂದು. ಡಬ್ಬಿಯೊಳಗಿನ ಆ ಒಂದು ಹಾಳಿನೂ ನಂದ."

ಕೂಡು ಎಂದು ಕೈ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಮ್ಮವ್ವ ದಾನವ್ವ ಚಿಕ್ಕೇರೂರಾಗ ಗ್ವಾಂಜಾಳ, ಅಂದ್ರ ಮೆಕ್ಕಿಜ್ವಾಳ ಬೆಳೀತಾಳ್ರಿ. ಒಂದು ವರ್ಷ ಬೆಂಬಲ ಬೆಲಿ ಸಿಗ್ತೈತಿ ಅಂತ ಖರೀದಿ ಕೇಂದ್ರದ ಮುಂದ ಆರು ದಿನ ಚೀಲದ ಮ್ಯಾಲೆ ಕುಂತ್ಲು. ನಾನೂ ಕುಂತಿದ್ದೆ, ಪಿ.ಯು. ಪರೀಕ್ಷಾಕ ಅಲ್ಲೇ ಓದಿದ್ದೆ. ಬೆಲಿ ಸಿಕ್ತು, ಸುಳ್ಳು ಹೇಳಂಗಿಲ್ಲ. ಆದ್ರ ಆ ಆರು ದಿನ ನಮ್ಮ ಹೊಲದಾಗ ಯಾರೂ ಇರಲಿಲ್ಲ. ಕಾಯೋದಕ್ಕೂ ಒಂದು ಬೆಲಿ ಐತ್ರಿ ಸರ. ಅದನ್ನ ನಮ್ಮ ಪುಸ್ತಕದಾಗ ಎಲ್ಲಿ ಬರದಾರ, ತೋರಸ್ರಿ. ಬೆಂಬಲ ಬೆಲಿ ಬ್ಯಾಡ ಅಂತ ನಾ ಅನ್ನಾಕತ್ತಿಲ್ಲ. ಕೇಳಾಕತ್ತೇನಿ."

ಉಳಿದವರೆಲ್ಲ ಉತ್ತರ ಕೊಡಲು ಸಿದ್ಧರಾಗಿ ಬಂದಿದ್ದರು. ಈಗ ತಮ್ಮ ಟಿಪ್ಪಣಿಯ ಹಾಳೆಗಳನ್ನು ತಿರುವಿ ಹುಡುಕತೊಡಗಿದರು. ಮಾಲತೇಶ ಸರ್ ಪೆನ್ನಿನ ಟೊಪ್ಪಿಗೆ ತೆಗೆಯುವುದು, ಹಾಕುವುದು ಮಾಡುತ್ತ ಕೂತಿದ್ದರು. ಕಡೆಗೆ "ಊಟ ಆರತೈತಿ, ಏಳ್ರಿ" ಅಂದರು.

ಅವಳ ಬಗ್ಗೆ ಹೆಮ್ಮೆಯಾಯಿತು. ಭಯವೂ ಆಗಿದೆ. ಜೂನಿಗೆ ಇನ್ನು ಎರಡೇ ತಿಂಗಳು, ನಾನು ಬಚ್ಚಿಟ್ಟದ್ದನ್ನು ಅವಳೇ ತುಂಬಿದ ಸಭೆಯಲ್ಲಿ ಹೇಳಿಬಿಟ್ಟಳು.

ನಿನ್ನ
ಶಂಭುಲಿಂಗ


ಸವಣೂರು
30 ಜೂನ್ 2025

ಫಕ್ಕೀರಪ್ಪ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಣ್ಣು ಪೂರ್ತಿ ಗುಣವಾಗಿದೆ ಎಂದು ಶಂಭುಲಿಂಗ ಸರ್ ಹೇಳಿದರು. ಅರ್ಥಶಾಸ್ತ್ರದ ವಿಷಯ ಅಂಚೆಯಲ್ಲೇ ಹೇಳಬೇಕು ಎಂಬುದು ನಿಮ್ಮಿಬ್ಬರ ಪದ್ಧತಿ ಎಂದು ಕೇಳಿ ನಾನೂ ಪತ್ರ ಬರೆಯುತ್ತಿದ್ದೇನೆ. ನನಗಿದು ಮೊದಲನೆಯದು, ತಪ್ಪಿದ್ದರೆ ತಿದ್ದಿ.

ಸಂದರ್ಶನ ಶುಕ್ರವಾರ ಇತ್ತು. ಉಳಿದವರಿಗೆ ಹತ್ತು ಹತ್ತು ನಿಮಿಷ. ನನ್ನನ್ನು ಐವತ್ತು ನಿಮಿಷ ಕೂರಿಸಿದರು. ಮಾಲತೇಶ ಸರ್ ಒಂದೇ ಪ್ರಶ್ನೆ ಕೇಳಿದರು: "ಹಾನಗಲ್ಲಾಗ ಹೇಳಿದ್ರಲ್ಲ, ಕಾಯೋ ಬೆಲಿ, ಅದನ್ನ ಅಳಿಯೋದು ಹೆಂಗ?" ನಾನು ಒಂದು ದಾರಿ ಹೇಳಿದೆ, ಅವರು ಅದನ್ನು ಕೆಡವಿದರು. ಇನ್ನೊಂದು ಹೇಳಿದೆ, ಅದನ್ನೂ ಅರ್ಧ ಕೆಡವಿದರು. ನನಗೂ ಹಟ ಬಂತು, ಅವರ ಒಂದು ಮಾತನ್ನು ನಾನು ಕೆಡವಿದೆ. ಹೊರಗೆ ಬರುವಾಗ ಕೆಲಸ ಹೋಯಿತು ಎಂದು ಖಾತ್ರಿಯಾಗಿತ್ತು. ರೂಮಿನ ಸಾಮಾನು ಕಟ್ಟಲು ಮನೆಯೊಡತಿ ಮಾಬೂಬಿ ಅಮ್ಮನ ಹತ್ತಿರ ಚೀಲ ಕೇಳಿದೆ.

ಇವತ್ತು ಪಟ್ಟಿ ಹಾಕಿದರು. ನನ್ನ ಹೆಸರಿದೆ. ಮಾಲತೇಶ ಸರ್ ವರಾಂಡದಲ್ಲಿ ಸಿಕ್ಕರು. "ನಿಮಗ ಉತ್ತರ ಕೊಡಾಕ ನನಗ ಇನ್ನೊಂದು ವರ್ಷ ಬೇಕವಾ. ಅಲ್ಲೀತನ ಎಲ್ಲೂ ಹೋಗಬ್ಯಾಡ್ರಿ" ಎಂದರು.

ಶಂಭುಲಿಂಗ ಸರ್‌ಗೆ ಹೇಳಿದಾಗ ಅವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಆಮೇಲೆ ಕೈ ಚಾಚಿ, "ತಗೋ ತಂಗಿ, ನಿನ್ನ ಹಾಳಿ ನಿನಗ" ಎಂದರು. ಕೈಯಲ್ಲಿ ಏನೂ ಇರಲಿಲ್ಲ, ಆದರೂ ನಾನು ತೆಗೆದುಕೊಂಡೆ.

ಒಂದು ಬಿನ್ನಹ. ಮುಂದಿನ ಸಮೀಕ್ಷೆಯಲ್ಲಿ ಮೂರನೆಯ ಚೌಕ ಇಡಿ ಸರ್.

ಇತಿ ವಿದ್ಯಾರ್ಥಿನಿಯಂತಿರುವ
ರಂಜನಾ


ಶಿಗ್ಗಾಂವಿ
17 ಆಗಸ್ಟ್ 2025

ಶಂಭು,

ಎರಡನೆಯ ಸಮೀಕ್ಷೆ ಮುಗಿಯಿತು. ತಾಲೂಕು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಹಾಳೆಗಳಲ್ಲಿ ಕೈಯಿಂದ ಏನೂ ಬರೆಯಲು ಬಿಡಲಿಲ್ಲ, ಬರೀ ಗುರುತು. ಲೆಕ್ಕ ಮುಗಿದ ಕೂಡಲೇ ಹೊಳೆವ್ವ ಅವನ್ನೆಲ್ಲ ನೀರೊಲೆಗೆ ಹಾಕಿದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಎಡಕ್ಕೆ ಹತ್ತೊಂಬತ್ತು. ಬಲಕ್ಕೆ ನಾಲ್ಕು. ಯಾವ ಕಡೆಗೂ ಸೇರದವರು ನಾಲ್ಕು. ಮತ್ತೆ, ನೀನು ಕುರ್ಚಿ ಹಿಡಿದುಕೋ: "ಗೊತ್ತಿಲ್ಲ" ಎಂಬ ಚೌಕಕ್ಕೆ ಬಿದ್ದ ಗುರುತು ಒಟ್ಟು ಅರವತ್ತೊಂದು. ನಾಲ್ಕು ತಾಲೂಕಿನ ಅರ್ಥಶಾಸ್ತ್ರಜ್ಞರು ಅರವತ್ತೊಂದು ಸಲ ಗೊತ್ತಿಲ್ಲ ಅಂದಿದ್ದಾರೆ! ಇವರೆಲ್ಲ ಎಂಟು ತಿಂಗಳ ಹಿಂದೆ ಎಲ್ಲಿದ್ದರು? ಇಲ್ಲೇ ಇದ್ದರು. ಚೌಕ ಇರಲಿಲ್ಲ, ಅಷ್ಟೇ. ಇಡದವನು ನಾನು.

ಅದರಲ್ಲಿ ಒಂದು ಗುರುತು ನನ್ನದು. ಏಳನೆಯ ಪ್ರಶ್ನೆ, ಬೆಂಬಲ ಬೆಲೆಯದು. ಹನ್ನೊಂದು ಪುಟ ಬರೆದವನು ನಾನು. ದಾನವ್ವ ಆರು ದಿನ ಚೀಲದ ಮೇಲೆ ಕೂತದ್ದು ಆ ಹನ್ನೊಂದರಲ್ಲಿ ಯಾವ ಪುಟದಲ್ಲೂ ಇರಲಿಲ್ಲ. ಗೊತ್ತಿಲ್ಲ ಎಂದು ಗುರುತು ಹಾಕಿದ ಮೇಲೆ ಮನಸ್ಸು ಹಗುರವಾಯಿತು.

ಜನವರಿಯ ಆ ಪತ್ರಕ್ಕೆ ಕ್ಷಮೆ ಕೇಳುತ್ತೇನೆ. ನೀನು ಏಳನೆಯದಕ್ಕೆ ಏನು ಗುರುತು ಹಾಕಿದೆ ಎಂದು ಕೇಳುವುದಿಲ್ಲ. ಹೇಳಬೇಕೆನ್ನಿಸಿದರೆ ಹೇಳು, ಅಷ್ಟೇ.

ನಿನ್ನ
ಫಕ್ಕೀರಪ್ಪ


ಸವಣೂರು
21 ಆಗಸ್ಟ್ 2025

ಫಕ್ಕೀರಾ,

ಏಳನೆಯದಕ್ಕೆ ಬಲ ಚೌಕ. ಈ ಸಲ ಯಾರ ಪರವಾಗಿಯೂ ಅಲ್ಲ, ನನ್ನದೇ. ಎರಡು ತಿಂಗಳು ದೊಡ್ಡಹುಣಸೆ ಮರದ ಕೆಳಗೆ ಕೂತು ಕಲಿತದ್ದು ನನ್ನೊಳಗೆ ಉಳಿದುಬಿಟ್ಟಿತು. ನಿನ್ನ ಹನ್ನೊಂದು ಪುಟದಲ್ಲಿ ಮೂರನೆಯ ಪುಟವೂ ಎಂಟನೆಯ ಪುಟವೂ ತಪ್ಪು ಎಂದು ನನಗೆ ಈಗ ಅನ್ನಿಸುತ್ತದೆ. ಯಾಕೆಂದು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಜಾಗ ಸಾಲದೆ ಇನ್ನೆರಡು ಹಾಳೆ ಸೇರಿಸಿದ್ದೇನೆ.

ಓದಿ ಸಿಟ್ಟು ಬಂದರೆ ಫೋನು ಮಾಡಬೇಡ. ಅಂಚೆಯಲ್ಲಿ ಕಳಿಸು. ನಮ್ಮ ಕರಾರಿಗೆ ಮೂವತ್ತು ವರ್ಷದ ಮೇಲೆ ಇವತ್ತು ಕೆಲಸ ಬಂದಿದೆ.

ನಿನ್ನ
ಶಂಭುಲಿಂಗ